ಪ್ರೀತಿ ಸಂಗ್ಯಾನದು, ಆಟ ಬಾಳ್ಯಾನದು

ದಸರಾ ರಜೆಗೆ ನಮ್ಮೂರು ಬೆಳ್ಳಟ್ಟಿಗೆ ಬಂದಿದ್ದ ಅಕ್ಕನ ಮಗ ಪಡಸಾಲೆಯ ಕಂಬಕ್ಕೆ ಒರಗಿ ಫೋನಿನಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಆಡುತ್ತಿದ್ದ. ನಮ್ಮವ್ವ ಎದುರಿಗೆ ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದಳು. ಆ ಆಟದಲ್ಲೂ ಒಂದು ಹೊಲ, ಒಂದು ಊರು. ಊರಲ್ಲಿ ಮದುವೆಯಾಗಬಹುದಾದ ಹುಡುಗಿಯರು, ಹುಡುಗರು. ಒಬ್ಬರಿಗೆ ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ಅವರ ಹೆಸರಿನ ಮುಂದೆ ಎಂಟು ಹಾರ್ಟ್ ತುಂಬಿದರೆ ಹೂಗುಚ್ಛ, ಹತ್ತು ತುಂಬಿದರೆ ಮದುವೆಯ ಪದಕ. “ಇನ್ನೆರಡು ಹಾರ್ಟ್ ಆದ್ರ ಆತು ನೋಡ್ರಿ ಮಾಮಾ” ಎಂದ. ಅವ್ವ ಕೈ ನಿಲ್ಲಿಸದೆ ಕೇಳಿದಳು: “ಆಕಿ ಮನಸಿನ್ಯಾಗ ಏನೈತಿ ಅಂತ ಕೇಳಿಯೇನೋ?” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಾಕ ಬರಂಗಿಲ್ಲಮ್ಮ” ಎಂದ.

ರೋಲ್ ಪ್ಲೇಯಿಂಗ್ ಗೇಮ್‌ಗಳ (ಆರ್‌ಪಿಜಿ) ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ನಡುಮಧ್ಯೆ ಒಂದು ಪ್ರೇಮಕಥೆ ಇಟ್ಟರೆ ಇಂಥ ಆಟ ಉಳಿದವುಗಳಿಗಿಂತ ಬೇರೆಯಾಗಿ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಹೋಗುವುದು ಊರಿನ ಆಟದ ಅಟ್ಟಕ್ಕೆ. ಸೋಗು ಹಾಕಿ ಆಡುವುದನ್ನು ನಮ್ಮ ಭಾಗದವರು ನಾಟಕ ಎನ್ನುವ ಮೊದಲು ಆಟ ಎಂದೇ ಕರೆದರು. ಅದರಲ್ಲಿ ಎರಡು ಬಗೆ: ದೊಡ್ಡಾಟ, ಸಣ್ಣಾಟ.

ದೊಡ್ಡಾಟ ಯುದ್ಧದ ಆಟ. ಕಿರೀಟ, ಭುಜಕೀರ್ತಿ, ಅಟ್ಟದ ಹಲಗೆ ನಡುಗುವಂಥ ಕುಣಿತ. ರಾಮಾಯಣ, ಮಹಾಭಾರತದ ವೀರರು ಬರುತ್ತಾರೆ. ಬಂದವನನ್ನು ಆಟ ನಡೆಸಿಕೊಡುವ ಸಾರಥಿ ನೀನಾರೆಂದು ಕೇಳುತ್ತಾನೆ. ಅವನು ತನ್ನ ಹೆಸರು, ಕುಲ, ಪರಾಕ್ರಮವನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಸಣ್ಣಾಟಕ್ಕೆ ಈ ಭಾರವಿಲ್ಲ. ದಿನದ ಬಟ್ಟೆಗೆ ಹತ್ತಿರದ ಉಡುಪು, ದಪ್ಪು, ತಾಳ, ಹಾರ್ಮೋನಿಯಂ, ಹಿಂದೆ ನಿಂತು ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳ. ವೀರನ ಜಾಗಕ್ಕೆ ಇಲ್ಲಿ ಬಂದವರು ಪ್ರೀತಿಸಿದವರು, ಮೋಸ ಹೋದವರು, ಮುನಿಸಿಕೊಂಡವರು. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ದೇವರೇ ಇದ್ದರೂ ಕಥೆಯ ತಿರುಳು ಒಂದು ಹೂವು ಸವತಿಯ ಮನೆಗೆ ಹೋದದ್ದಕ್ಕೆ ಸತ್ಯಭಾಮೆ ಪಟ್ಟ ಸಂಕಟ. ಗಂಡಸರೇ ಹೆಣ್ಣು ಸೋಗು ಹಾಕುತ್ತಿದ್ದ ರಂಗದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದ್ದು ಈ ಪಾರಿಜಾತದಿಂದ.

ಗೇಮ್‌ಗಳ ಚರಿತ್ರೆಯೂ ಹೀಗೇ ನಡೆದದ್ದು ನನಗೆ ಅಚ್ಚರಿ ತರುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿದ್ದು ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟದಿಂದ. ಬಲ ಎಷ್ಟು, ಚುರುಕು ಎಷ್ಟು, ಜೀವ ಎಷ್ಟು ಎಂದು ಕಾಗದದ ಮೇಲೆ ಬರೆದುಕೊಂಡೇ ಆಟ ಶುರು. ಸಾರಥಿಯ ಮುಂದೆ ವೀರ ಹೇಳಿಕೊಳ್ಳುವುದೂ ಇದನ್ನೇ. ಕಂಪ್ಯೂಟರಿಗೆ ಬಂದ ಮೇಲೂ ಆರ್‌ಪಿಜಿ ಬಹುಕಾಲ ದೊಡ್ಡಾಟವಾಗಿಯೇ ಉಳಿಯಿತು.

ಪ್ರೀತಿಯನ್ನು ಹೊಸ್ತಿಲಲ್ಲೇ ಮುಂದಿಟ್ಟುಕೊಂಡು ಬಂದದ್ದು ಜಪಾನಿನ ಸ್ಕ್ವೇರ್ ಕಂಪನಿ 1999ರ ಫೆಬ್ರುವರಿಯಲ್ಲಿ ತಂದ ‘ಫೈನಲ್ ಫ್ಯಾಂಟಸಿ 8’. ಹೆಸರಿನ ಜೊತೆಗಿರುವ ಚಿತ್ರವೇ ತಬ್ಬಿಕೊಂಡ ಜೋಡಿ: ಮಾತೇ ಆಡದ ಸೈನಿಕ ವಿದ್ಯಾರ್ಥಿ ಸ್ಕ್ವಾಲ್, ಅವನನ್ನು ಮಾತಿಗೆಳೆಯುವ ರಿನೋವಾ. ಪದವಿಯ ಸಂತೋಷಕೂಟದಲ್ಲಿ ಗೋಡೆಗೆ ಒರಗಿ ನಿಂತವನನ್ನು ಅವಳು ಕುಣಿತಕ್ಕೆ ಎಳೆದೊಯ್ಯುತ್ತಾಳೆ. ಅವನ ಹೆಜ್ಜೆ ತಪ್ಪುತ್ತದೆ, ಇನ್ನೊಂದು ಜೋಡಿಗೆ ಡಿಕ್ಕಿ ಹೊಡೆಯುತ್ತಾರೆ, ಮೆಲ್ಲಗೆ ತಾಳ ಕೂಡಿಬರುತ್ತದೆ. ಆ ಕಾಲಕ್ಕೆ ಅಷ್ಟು ಚೆಂದದ ದೃಶ್ಯ ಇನ್ನೊಂದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಆಡುವವನ ಕೈಗೆ ಕೆಲಸವೇ ಇಲ್ಲ. ಅವರಿಬ್ಬರು ಕುಣಿಯುತ್ತಾರೆ, ನಾವು ನೋಡುತ್ತೇವೆ. ದೃಶ್ಯ ಮುಗಿದ ಮೇಲೆ ಮತ್ತೆ ಗಂಟೆಗಟ್ಟಲೆ ಶತ್ರುಗಳಿಂದ ಮಂತ್ರ ಹೀರಿ ಕೂಡಿಡುವ ಕೆಲಸ. ಅದಕ್ಕೂ ರಿನೋವಾಳಿಗೂ ಏನೇನೂ ಸಂಬಂಧವಿಲ್ಲ. ಪ್ರೀತಿ ಒಂದು ಕಡೆ, ಆಟ ಇನ್ನೊಂದು ಕಡೆ. ನಡುವೆ ಒಂದೇ ಒಂದು ಸಲ ಅವೆರಡೂ ಕೂಡುತ್ತವೆ. ಬಾಹ್ಯಾಕಾಶದಲ್ಲಿ ಉಸಿರು ತೀರುತ್ತ ತೇಲಿಹೋಗುತ್ತಿರುವ ಅವಳನ್ನು ಹಿಡಿಯಲು ಸ್ಕ್ವಾಲ್ ಹೊರಗೆ ಹಾರಿದಾಗ ಅವನನ್ನು ಅತ್ತಿತ್ತ ತಿರುಗಿಸಬೇಕಾದವರು ನಾವು. ತಪ್ಪಿದರೆ ಆಟವೇ ಮುಗಿಯುತ್ತದೆ. ಆ ಅರ್ಧ ನಿಮಿಷದಲ್ಲಿ ಈ ಆಟ ತನ್ನ ಸಾಲಿನ ಎಲ್ಲವನ್ನೂ ಮೀರಿಸಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಉಳಿದಂತೆ ಅದು ಚೆಂದದ ಸಿನಿಮಾ ಹೊದ್ದುಕೊಂಡ ದೊಡ್ಡಾಟ.

ಇನ್ನೊಂದು ಪಂಥ ಕೆನಡಾದ ಬಯೋವೇರ್ ಸಂಸ್ಥೆಯದು. 2000ದ ‘ಬಾಲ್ಡರ್ಸ್ ಗೇಟ್ 2’ರಿಂದ ಅವರು ಬೇರೆ ದಾರಿ ಹಿಡಿದರು: ಪ್ರೀತಿ ಯಾರ ಜೊತೆ ಎಂಬುದನ್ನು ಆಡುವವನೇ ಆರಿಸಿಕೊಳ್ಳಲಿ, ಬೇಡವಾದರೆ ಬಿಡಲಿ. ಕೇಳಲು ಇದು ದೊಡ್ಡ ಸ್ವಾತಂತ್ರ್ಯ. ಆದರೆ ಮನಸ್ಸನ್ನು ಅಳೆಯುವುದು ಹೇಗೆ? 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಸಂಗಾತಿಯ ಒಲವಿಗೆ ಒಂದು ಅಂಕಿ ಇದೆ, ಇಷ್ಟದ ವಸ್ತು ಕೊಟ್ಟರೆ ಅದು ಏರುತ್ತದೆ. ಅಕ್ಕನ ಮಗ ಹಾರ್ಟ್ ಎಣಿಸುತ್ತಿದ್ದದ್ದೂ ಇಂಥದೇ ಲೆಕ್ಕ. ಈ ಪಂಥದ ಮೇಲೆ ನನ್ನ ತಕರಾರು ಇದೇ: ಲೆಕ್ಕ ಸರಿ ಹೋದರೆ ಎದುರಿನವಳು ಒಪ್ಪಲೇಬೇಕು. ಒಪ್ಪದಿರುವ ಹಕ್ಕಿಲ್ಲದವಳ ಒಪ್ಪಿಗೆಗೆ ಏನು ಬೆಲೆ?

ಅದೇ ‘ಡ್ರ್ಯಾಗನ್ ಏಜ್’ ಒಂದು ಕಡೆ ಈ ಲೆಕ್ಕವನ್ನು ತಾನೇ ಮುರಿಯುತ್ತದೆ. ಅಲಿಸ್ಟರ್ ಎಂಬ ಯೋಧನ ಗುರುವಿನ ಸಾವಿಗೆ ಕಾರಣನಾದ ಸೇನಾಪತಿ ಲೋಗೇನ್ ಕೊನೆಗೆ ನಿಮ್ಮ ಕೈಗೆ ಸಿಗುತ್ತಾನೆ. ಯುದ್ಧಕ್ಕೆ ಬೇಕಾದವನೆಂದು ಅವನನ್ನು ಕ್ಷಮಿಸಿ ಪಡೆಗೆ ಸೇರಿಸಿಕೊಂಡಿರೋ, ಅಲಿಸ್ಟರ್ ಎದ್ದು ಹೋಗುತ್ತಾನೆ. ಅವನ ಪ್ರೇಯಸಿ ನೀವೇ ಆಗಿದ್ದರೂ ನಿಲ್ಲುವುದಿಲ್ಲ. ಅದುವರೆಗೆ ಕೊಟ್ಟ ಯಾವ ಉಡುಗೊರೆಯೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಅಲಿಸ್ಟರ್ ಮೊದಲ ಸಲ ಮನುಷ್ಯನಾಗುತ್ತಾನೆ.

ಇನ್ನು ಮತ್ತೆ ಸಣ್ಣಾಟಕ್ಕೆ ಬಂದರೆ, ‘ಸಂಗ್ಯಾ-ಬಾಳ್ಯಾ’ದ ಮಾತು. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೇ ಇದರ ಮೂಲ ಎಂದು ಆ ಭಾಗದವರು ಹೇಳುತ್ತಾರೆ. ಸಂಗ್ಯಾ ಉಳ್ಳವರ ಮನೆಯ ಹುಡುಗ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಗೆಳೆಯ ಬಾಳ್ಯಾ ನೆರವಿಗೆ ನಿಲ್ಲುತ್ತಾನೆ, ಪರಮ್ಮ ಎಂಬ ಮುದುಕಿ ಮಾತು ಒಯ್ದು ತರುತ್ತಾಳೆ, ಪ್ರೀತಿ ಕೂಡಿಬರುತ್ತದೆ. ಅದೇ ಬಾಳ್ಯಾ ಕೊನೆಗೆ ಎರಡು ಬಗೆದು ಈರಣ್ಣನ ಕಡೆಯಾಗುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ನಡುವಿನಲ್ಲಿರುವುದು ಪ್ರೇಮಕಥೆಯೇ, ಸಂಶಯವಿಲ್ಲ. ಆದರೆ ಆಟದ ಹೆಸರಿನಲ್ಲಿ ಗಂಗಾ ಇಲ್ಲ, ಇರುವುದು ಇಬ್ಬರು ಗೆಳೆಯರು. ಹೆಸರು ಇಟ್ಟವರಿಗೆ ಆಟದ ಗುಟ್ಟು ಗೊತ್ತಿತ್ತು.

ಚಿಕ್ಕಂದಿನಲ್ಲಿ ಈ ಆಟ ನೋಡಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಗಂಗಾ ಬಂದಾಗ ಹಿಂದಿನ ಸಾಲಿನಿಂದ ಸಿಳ್ಳೆ ಬಿದ್ದವು. ಬಾಳ್ಯಾ ಗೆಳೆಯನನ್ನು ಬಿಟ್ಟುಕೊಟ್ಟ ಮೇಲೆ ಒಂದು ಸಿಳ್ಳೆಯೂ ಬರಲಿಲ್ಲ. ದಪ್ಪು ನಿಂತಾಗ ಪೆಟ್ರೋಮ್ಯಾಕ್ಸಿನ ಸದ್ದು ಕಿವಿಗೆ ಕೇಳುತ್ತಿತ್ತು. ನನ್ನ ಪಕ್ಕ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ಬಾಳ್ಯಾನ ಪಾತ್ರದವನನ್ನು ಕೂಗಿ ಬೈದರು. ಪ್ರೀತಿ ಕೂಡಿಸಿದ ಕೈಯೇ ಅದನ್ನು ಕೊಂದದ್ದನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಪ್ರೀತಿಯನ್ನು ಕಥೆಯಾಗಿಸಿದ ಸಣ್ಣಾಟಗಳು ಇನ್ನೂ ಇದ್ದವು. ಸಂಗ್ಯಾ-ಬಾಳ್ಯಾ ಇವತ್ತಿಗೂ ಬಾಯಲ್ಲಿ ಉಳಿದದ್ದು, ಚಂದ್ರಶೇಖರ ಕಂಬಾರರಂಥವರ ಕೈಯಲ್ಲಿ ಹೊಸ ರಂಗಭೂಮಿಗೂ ಬಂದದ್ದು ಬಾಳ್ಯಾನ ಆ ಕೈಯ ಕಾರಣಕ್ಕೆ ಎಂದು ನಾನು ನಂಬಿದ್ದೇನೆ.

ಪ್ರೀತಿಯ ಕಥೆಯಲ್ಲಿ ಆಡುವವನ ಕೈ ಎಷ್ಟಿದೆ ಎಂಬ ಅಳತೆಗೋಲು ಹಿಡಿದು ನೋಡಿದರೆ ಗೇಮ್‌ಗಳಲ್ಲಿ ಎರಡು ನನಗೆ ಎತ್ತರದಲ್ಲಿ ಕಾಣುತ್ತವೆ. ಒಂದು 2001ರ ‘ಫೈನಲ್ ಫ್ಯಾಂಟಸಿ 10’. ಯೂನಾ ಎಂಬ ಹುಡುಗಿ ಲೋಕವನ್ನು ಕಾಡುವ ‘ಸಿನ್’ ಎಂಬ ಪೀಡೆಯನ್ನು ಅಳಿಸಲು ಯಾತ್ರೆ ಹೊರಟಿದ್ದಾಳೆ. ನಾವು ಅವಳನ್ನು ಪ್ರೀತಿಸುವ ಟೀಡಸ್. ಗುಡಿಯಿಂದ ಗುಡಿಗೆ ಅವಳನ್ನು ಕಾಯುತ್ತ ಕರೆದೊಯ್ಯುತ್ತೇವೆ. ಎಲ್ಲ ಮುಗಿದ ಮೇಲೆ ಎಲ್ಲೆಲ್ಲಿ ತಿರುಗಬೇಕು, ಏನೇನು ಮಾಡಬೇಕು ಎಂದು ಟೀಡಸ್ ಅವಳ ಮುಂದೆ ಖುಷಿಯಿಂದ ಹೇಳುತ್ತಿರುತ್ತಾನೆ. ಯಾತ್ರೆಯ ಕೊನೆಗೆ ಯೂನಾ ಸಾಯಲೇಬೇಕೆಂಬುದು ಜೊತೆಗಿದ್ದವರಿಗೆಲ್ಲ ಗೊತ್ತು. ಅವನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಿಳಿದ ಕ್ಷಣ ನಮ್ಮ ಕೈಯನ್ನೇ ನೋಡಿಕೊಳ್ಳುವಂತಾಗುತ್ತದೆ, ಅಷ್ಟು ಹೊತ್ತು ಅವಳನ್ನು ಸಾವಿನ ಕಡೆ ನಡೆಸಿದ್ದು ಇದೇ ಕೈ. ಆಡುವವನನ್ನು ಅರಿವಿಲ್ಲದ ಬಾಳ್ಯಾನನ್ನಾಗಿ ಮಾಡಿದ ಆಟ ಇದು.

ಇನ್ನೊಂದು 2015ರ ‘ದಿ ವಿಚರ್ 3’ರ ಒಂದು ಭಾಗ. ಹಿಂದೊಮ್ಮೆ ಕಥಾನಾಯಕ ಗೆರಾಲ್ಟ್ ಬೇಡಿದ ವರದಿಂದ ಅವನ ಮತ್ತು ಅವನ ಪ್ರೇಯಸಿ ಯೆನೆಫರ್‌ಳ ಬಾಳು ಮಂತ್ರದ ಗಂಟಿನಲ್ಲಿ ಸಿಕ್ಕಿಬಿದ್ದಿದೆ. ತಮ್ಮ ಪ್ರೀತಿ ಮಂತ್ರದ್ದೋ ತಮ್ಮದೋ ಎಂದು ತಿಳಿಯಬೇಕೆಂದು ಅವಳೇ ಗಂಟು ಬಿಚ್ಚಿಸುತ್ತಾಳೆ. ಬೆಟ್ಟದ ತುದಿಯಲ್ಲಿ ಸಿಕ್ಕಿಕೊಂಡ ಒಡೆದ ಹಡಗಿನ ಮೇಲೆ ಕೂತು, ತನ್ನ ಮನಸ್ಸು ಬದಲಾಗಿಲ್ಲ ಎಂದು ಹೇಳಿ, ಅವನ ಮಾತಿಗೆ ಕಾಯುತ್ತಾಳೆ. ಉತ್ತರ ನಮ್ಮದು. ಮೊದಲಿನದೇನೂ ಉಳಿದಿಲ್ಲ ಎಂದರೆ ಅಲ್ಲಿಗೇ ಮುಗಿಯಿತು. ಅವ್ವ ಶೇಂಗಾ ಬಿಡಿಸುತ್ತ ಕೇಳಿದ ಪ್ರಶ್ನೆಯನ್ನು ಇಲ್ಲಿ ಆ ಹೆಣ್ಣೇ ಎತ್ತಿದ್ದಾಳೆ. ಅಂದಹಾಗೆ ಈ ಆಟದ ನಡುಗಂಬ ಯೆನೆಫರ್ ಅಲ್ಲ, ಗೆರಾಲ್ಟ್ ಮಗಳಂತೆ ಸಾಕಿದ ಸಿರಿ. ಪ್ರೇಮಕಥೆಯನ್ನು ನಟ್ಟನಡುವೆ ಇಡದೆಯೂ ಪ್ರೀತಿಯ ಬಗ್ಗೆ ಅತ್ಯಂತ ನಿಜವಾದ ಮಾತು ಹೇಳಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಗೇಮ್ ಕಟ್ಟಲು ಕೂತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ ಇದೆ. ಬೈಲಹೊಂಗಲದ ಕಡೆ ಹೋಗಿ, ಸಣ್ಣಾಟದ ಹಿರಿಯ ಕಲಾವಿದರ ಮುಂದೆ ಕೂತು, ಸಂಗ್ಯಾ-ಬಾಳ್ಯಾವನ್ನು ಪೂರ್ತಿ ಕೇಳಿರಿ. ಈ ಕಥೆಯನ್ನು ಗೇಮ್ ಮಾಡಿರಿ. ಗಂಗಾಳಿಗೆ ಇಲ್ಲ ಎನ್ನುವ ಬಾಯಿ ಕೊಡಿರಿ. ಆಡುವವರಿಗೆ ಸಂಗ್ಯಾನ ಸೋಗು ಕೊಡಬೇಡಿರಿ, ಬಾಳ್ಯಾನದು ಕೊಡಿರಿ.