ಹಸಿರು ಮೇಜಿನ ಆಚೆ: ನ್ಯೂಟನ್‌ಗ್ರೇಂಜ್ ಗಣಿಯೂರಿನ ನೆನಪು ಮತ್ತು ಚರಿತ್ರೆ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವನಿಗೆ ಸಾಮಾನ್ಯವಾಗಿ ಎರಡು ಬಗೆಯ ಸಾಮಗ್ರಿ ಒದಗುತ್ತದೆ. ಒಂದು, ಆಳಿದವರು ತಮ್ಮ ಅನುಕೂಲಕ್ಕಾಗಿ ಬರೆದಿಟ್ಟ ಲೆಕ್ಕ. ಇನ್ನೊಂದು, ಆಳಿಸಿಕೊಂಡವರು ತಮ್ಮ ತಮ್ಮಲ್ಲಿ ಹೇಳಿಕೊಂಡು ಬಂದ ಮಾತು. ಮೊದಲನೆಯದರಲ್ಲಿ ತೇದಿ ನಿಲ್ಲುತ್ತದೆ, ಮನುಷ್ಯ ಜಾರಿಹೋಗುತ್ತಾನೆ. ಎರಡನೆಯದರಲ್ಲಿ ಮನುಷ್ಯ ಕೈಗೆ ಸಿಕ್ಕುತ್ತಾನೆ, ತೇದಿ ಜಾರುತ್ತದೆ. ಇವೆರಡನ್ನೂ ಹೊಂದಿಸುವುದು ಸಂಶೋಧಕನ ಕಷ್ಟಗಳಲ್ಲೆಲ್ಲ ಹಿರಿದಾದುದು. ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲ ಗಣಿಯೂರಿನವರ ನೆನಪುಗಳನ್ನು ಕೂಡಿಸಿದ ಗ್ರಂಥವನ್ನು ಮುಂದಿಟ್ಟುಕೊಂಡು ಈ ಕಷ್ಟವನ್ನು ಕುರಿತು ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥದ ಹೆಸರು 'ಮಂಗೋ ಮೆಕೈ ಅಂಡ್ ದಿ ಗ್ರೀನ್ ಟೇಬಲ್'. ಮಂಗೋ ಮೆಕೈ ಮತ್ತು ಹಸಿರು ಮೇಜು ಎಂದು ಅರ್ಥ. ಇದು ನ್ಯೂಟನ್‌ಗ್ರೇಂಜಿನ ಗಣಿಗಾರರ ನೆನಪುಗಳೆಂದು ಉಪಶೀರ್ಷಿಕೆ ತಿಳಿಸುತ್ತದೆ. 1995ರಲ್ಲಿ ಪ್ರಕಟವಾದ ಈ ಸಂಗ್ರಹದ ಸಂಪಾದಕರು ಶ್ರೀ ಇಯನ್ ಮ್ಯಾಕ್‌ಡೂಗಲ್. 2020ರಲ್ಲಿ ತೀರಿಕೊಂಡ ಇವರು ದುಡಿಯುವ ಜನರ ಮಾತನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಮೀಸಲಿಟ್ಟವರು. ನಿರುದ್ಯೋಗಿಗಳ ಹಸಿವಿನ ಮೆರವಣಿಗೆಗಳಲ್ಲಿ ನಡೆದವರು, ಸ್ಪೇನಿನ ಅಂತರ್ಯುದ್ಧಕ್ಕೆ ಸ್ವಯಂಸೇವಕರಾಗಿ ಹೋಗಿಬಂದವರು, ಇಂಥವರ ನೆನಪುಗಳನ್ನೂ ಅವರು ಗ್ರಂಥರೂಪದಲ್ಲಿ ಉಳಿಸಿದ್ದಾರೆ. ಆದುದರಿಂದ ಈ ಸಂಗ್ರಹ ಹವ್ಯಾಸಿಯೊಬ್ಬನ ಕುತೂಹಲದ ಫಲವಲ್ಲವೆಂಬುದನ್ನು ವಾಚಕರು ಮೊದಲೇ ಗಮನಿಸಬೇಕು.

ನ್ಯೂಟನ್‌ಗ್ರೇಂಜ್ ಎಡಿನ್‌ಬರೋ ನಗರದಿಂದ ಸುಮಾರು 8 ಮೈಲಿ ದೂರದಲ್ಲಿ, ಮಿಡ್ಲೋಥಿಯನ್ ಸೀಮೆಯಲ್ಲಿದೆ. ನೆರೆಯ ನ್ಯೂಬ್ಯಾಟಲ್‌ನಲ್ಲಿ 1140ರಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಮಠವೊಂದು ಸ್ಥಾಪನೆಯಾಯಿತು. 13ನೆಯ ಶತಮಾನದ ಆದಿಭಾಗದಲ್ಲಿಯೇ ಆ ಮಠದ ಸನ್ಯಾಸಿಗಳು ಕಲ್ಲಿದ್ದಲನ್ನು ಅಗೆಯಿಸುತ್ತಿದ್ದರು. ಮತಸುಧಾರಣೆಯ ಕಾಲದಲ್ಲಿ ಮಠದ ಭೂಮಿ ಕೆರ್ ಮನೆತನಕ್ಕೆ ಸಂದಿತು. ಆ ಮನೆತನದ ಹಿರಿಯರೇ ಮುಂದೆ ಲೋಥಿಯನ್ನಿನ ಮಾರ್ಕ್ವೆಸ್ ಎಂಬ ಬಿರುದಿಗೆ ಪಾತ್ರರಾದರು. 1890ರಲ್ಲಿ ಮಾರ್ಕ್ವೆಸರ ಗಣಿಗಳೂ ಆರ್ಚಿಬಾಲ್ಡ್ ಹುಡ್ ಎಂಬ ಗಣಿ ಉದ್ಯಮಿಯ ಗಣಿಗಳೂ ಒಂದುಗೂಡಿ ಲೋಥಿಯನ್ ಕೋಲ್ ಕಂಪನಿ ಹುಟ್ಟಿಕೊಂಡಿತು. ಅದೇ ವರ್ಷ ತೋಡತೊಡಗಿದ ಗಣಿಬಾವಿಗೆ ಮಾರ್ಕ್ವೆಸರ ಪತ್ನಿಯ ಹೆಸರಿನಿಂದ 'ಲೇಡಿ ವಿಕ್ಟೋರಿಯಾ' ಎಂಬ ಹೆಸರು ಬಂದಿತು. ಸುಮಾರು 500 ಮೀಟರ್ ಆಳದ ಆ ಬಾವಿಯಿಂದ 1890ರ ದಶಕದ ನಡುವಿನಿಂದ 1981ರವರೆಗೆ ಕಲ್ಲಿದ್ದಲು ಮೇಲೆ ಬಂದಿತು.

ಗಣಿಯೊಡನೆ ಊರೂ ಬೆಳೆಯಿತು. ಕಂಪನಿ ಇಟ್ಟಿಗೆಯ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿತು. ಬೀದಿಗಳಿಗೆ ಹೆಸರಿಡುವ ಗೊಡವೆಗೆ ಹೋಗದೆ ಮೊದಲನೆಯ ಬೀದಿ, ಎರಡನೆಯ ಬೀದಿ ಎಂದು ಎಣಿಸುತ್ತ ಹತ್ತರವರೆಗೆ ನಡೆಯಿತು. ಮನೆಗಳಿಗೆ ಕೈತೋಟವಿತ್ತು. 1899ರಲ್ಲಿ ಆರಂಭವಾದ 'ಡೀನ್ ಟ್ಯಾವರ್ನ್' ಎಂಬ ಪಾನಗೃಹ ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದ ಪದ್ಧತಿಯನ್ನು ಅನುಸರಿಸಿತು. ಹಣ ಹೂಡಿದವರಿಗೆ ಮಿತವಾದ ಬಡ್ಡಿ ಸಂದಮೇಲೆ ಉಳಿದ ಲಾಭವೆಲ್ಲ ಊರಿನ ಹಿತಕ್ಕೆ ವಿನಿಯೋಗವಾಗಬೇಕೆಂಬುದು ಅಲ್ಲಿಯ ನಿಯಮ. ಅಂದಮೇಲೆ ಗಣಿಗಾರ ಕುಡಿದ ಮದ್ಯದ ಹಣವೂ ಸುತ್ತಿ ಬಂದು ಅವನ ಊರಿಗೇ ಸೇರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಇದೊಂದು ಮಾದರಿ ಗ್ರಾಮ. 1912ರಲ್ಲಿ ನೇಮಕವಾಗಿ 1917ರಲ್ಲಿ ವರದಿಯೊಪ್ಪಿಸಿದ ಸ್ಕಾಟ್ಲೆಂಡಿನ ವಸತಿ ಆಯೋಗ ಗಣಿಗಾರರ ಸಾಲುಮನೆಗಳ ದುಃಸ್ಥಿತಿಯನ್ನು ಕಟುವಾಗಿ ವರ್ಣಿಸಿರುವುದನ್ನು ನೆನೆದರೆ, ಇಂಥ ಮನೆಗಳು ಒಂದು ಭಾಗ್ಯವೆಂದೇ ಹೇಳಬೇಕು.

ಈ ಭಾಗ್ಯದ ಬೆಲೆಯೇನೆಂಬುದನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ, ನೆನಪು ಹೇಳುತ್ತದೆ. 1890ರ ದಶಕದಿಂದ 1939ರಲ್ಲಿ ತೀರಿಕೊಳ್ಳುವವರೆಗೆ ಕಂಪನಿಯ ಆಡಳಿತ ಮಂಗೋ ಮೆಕೈ ಎಂಬ ಅಧಿಕಾರಿಯ ಕೈಯಲ್ಲಿತ್ತು. ಆತನ ಕಚೇರಿಯಲ್ಲಿದ್ದುದೇ ಆ ಹಸಿರು ಮೇಜು. ಗಣಿಯೊಳಗಿನ ತಪ್ಪಿಗೆ ಮಾತ್ರವೇ ಅದರ ಮುಂದೆ ನಿಲ್ಲಬೇಕಾಗಿದ್ದರೆ ವಿಶೇಷವೇನೂ ಇರಲಿಲ್ಲ. ಕೈತೋಟದಲ್ಲಿ ಕಳೆ ಬೆಳೆದರೆ ಕರೆ ಬರುತ್ತಿತ್ತು. ಮಕ್ಕಳು ಬೀದಿಯಲ್ಲಿ ತುಂಟತನ ಮಾಡಿದರೆ ತಂದೆಗೆ ಕರೆ ಬರುತ್ತಿತ್ತು. ಕರೆ ಬಂದವನು ತಲೆಬಾಗಿ ನಿಂತು ಗದರಿಕೆ ಕೇಳಬೇಕು, ದಂಡ ತೆರಬೇಕು. ಎದುರು ಮಾತಾಡಿದರೆ ಕೆಲಸ ಹೋಗಬಹುದು, ಕೆಲಸದೊಡನೆ ಮನೆಯೂ ಹೋಗಬಹುದು. ನ್ಯಾಯಾಧಿಪತಿ, ಫಿರ್ಯಾದಿ, ಮನೆಯೊಡೆಯ, ಅನ್ನದಾತ, ಈ ನಾಲ್ವರೂ ಒಬ್ಬನೇ ಆಗಿ ಒಂದೇ ಕುರ್ಚಿಯಲ್ಲಿ ಕುಳಿತಿರುವಾಗ ಎದುರು ನಿಂತವನಿಗೆ ಮೇಲ್ಮನವಿಗೆ ಎಡೆಯೆಲ್ಲಿ?

ಗ್ರಂಥದ ಹಿರಿಮೆ ಇಲ್ಲಿದೆ. ಭಯವೆಂಬುದು ಯಾವ ಕಂಪನಿಯ ವಾರ್ಷಿಕ ವರದಿಯಲ್ಲಿಯೂ ನಮೂದಾಗುವ ಪದಾರ್ಥವಲ್ಲ. ಕರೆ ಬಂದ ರಾತ್ರಿ ಮನೆಯಲ್ಲಿ ಹೇಗೆ ಕಳೆಯಿತೆಂಬುದಕ್ಕೆ ರಶೀದಿಯಿಲ್ಲ. ಅದನ್ನು ಉಳಿಸಬಲ್ಲುದು ಮಾತು ಮಾತ್ರ. ಆ ಮಾತನ್ನು ಕೇಳಬೇಕಾದ ಕಾಲದಲ್ಲಿ ಕೇಳಿ ಬರೆದಿಟ್ಟವರು ಶ್ರೀ ಮ್ಯಾಕ್‌ಡೂಗಲ್. ಇದು ಎಷ್ಟು ಅಪರೂಪದ ಕೆಲಸವೆಂಬುದನ್ನು ತಿಳಿಯಲು ಹಿಂದಕ್ಕೆ ಹೋಗಿ ನೋಡಬೇಕು. 1606ರ ಶಾಸನದಿಂದ ಸ್ಕಾಟ್ಲೆಂಡಿನ ಕಲ್ಲಿದ್ದಲ ಕೆಲಸಗಾರರು ಒಡೆಯನ ಒಪ್ಪಿಗೆಯ ಚೀಟಿಯಿಲ್ಲದೆ ಬೇರೆಡೆ ಕೆಲಸಕ್ಕೆ ಸೇರಲಾಗದ ಜೀತಕ್ಕೆ ಬಿದ್ದಿದ್ದರು. 1775ರ ಕಾನೂನು ಆ ಕಟ್ಟನ್ನು ಸಡಿಲಿಸಿತು, 1799ರ ಕಾನೂನು ಕಿತ್ತೊಗೆಯಿತು. 1799 ಎಂದೊಡನೆ ನಮಗೆ ಶ್ರೀರಂಗಪಟ್ಟಣದ ಪತನ ನೆನಪಿಗೆ ಬರುತ್ತದೆ. ಅದನ್ನು ಗೆದ್ದ ರಾಜ್ಯದ ಒಂದು ಮೂಲೆಯಲ್ಲಿ ಜೀತದ ಕೊನೆಯ ಗಂಟು ಬಿಚ್ಚಿದುದೂ ಅದೇ ವರ್ಷ. ಸುಮಾರು ಎರಡು ಶತಮಾನ ನಡೆದ ಆ ಜೀತವನ್ನು ಅನುಭವಿಸಿದವರು ಸ್ವತಃ ಹೇಳಿದ ಮಾತು ಉಳಿದಿರುವುದು ಬಲು ವಿರಳ. 1842ರಲ್ಲಿ ವರದಿ ಪ್ರಕಟಿಸಿದ ಸರಕಾರದ ವಿಚಾರಣಾ ಆಯೋಗ ಗಣಿಯ ಮಕ್ಕಳನ್ನು ಪ್ರಶ್ನಿಸಿದಾಗ, ಅದೇ ಮಿಡ್ಲೋಥಿಯನ್ನಿನ ಲೋನ್‌ಹೆಡ್ ಗಣಿಯಲ್ಲಿ ಬೆನ್ನ ಮೇಲೆ ಕಲ್ಲಿದ್ದಲು ಹೊತ್ತು ಏಣಿಯೇರುತ್ತಿದ್ದ 11 ವರ್ಷದ ಎಲಿಸನ್ ಜ್ಯಾಕ್ ಎಂಬ ಹುಡುಗಿಯ ಹೇಳಿಕೆ ದಾಖಲಾಯಿತು. ಅದನ್ನು ಓದಿ ಮರುಗಿದವರು ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸದಿಂದ ಬಿಡಿಸಿದರು. ಆದರೆ ಅಲ್ಲಿ ಪ್ರಶ್ನೆ ಅಧಿಕಾರಿಯದು, ಲೇಖನಿಯೂ ಅಧಿಕಾರಿಯದು. ನ್ಯೂಟನ್‌ಗ್ರೇಂಜಿನ ಮುದುಕರು ಮಾತಾಡಿದುದು ಯಾವ ಅಧಿಕಾರಿಗೂ ಹೆದರಬೇಕಾಗಿಲ್ಲದ ಕಾಲದಲ್ಲಿ.

ಈ ಬಗೆಯ ಬರವಣಿಗೆಗೆ ಕನ್ನಡ ಸಂಶೋಧಕರು ಹೊಸಬರಲ್ಲ. ಮೈಸೂರು ಸೀಮೆಯ ಮೋಜಣಿಗೆ ಬಂದ ಕರ್ನಲ್ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಕಾವಲಿ ವೆಂಕಟ ಬೋರಯ್ಯ ಮೊದಲಾದ ಸಹಾಯಕರ ಮೂಲಕ ಆತ ಕೂಡಿಸಿದ ಕೈಫಿಯತ್ತುಗಳಲ್ಲಿ ಊರಿನ ಹಿರಿಯರು, ಶಾನುಭೋಗರು, ಪಾಳೆಯಗಾರರ ವಂಶಸ್ಥರು ಹೇಳಿದ ಮಾತುಗಳು ಸೇರಿವೆ. ಅವನ್ನು ಬಳಸುವ ನಾವು ಒಂದು ಎಚ್ಚರವನ್ನು ಕಲಿತಿದ್ದೇವೆ. ಕೈಫಿಯತ್ತು ಮುಂದುವರಿದಂತೆ ಸ್ಥಳಪುರಾಣವಾಗುವ ಕಡೆಗೆ ವಾಲುತ್ತದೆ. ನೂರು ಜನರು ನೂರು ವರ್ಷದಲ್ಲಿ ಮಾಡಿದುದೆಲ್ಲ ಒಬ್ಬ ವೀರನ ಇಲ್ಲವೆ ಒಬ್ಬ ರಾಕ್ಷಸನ ಹೆಸರಿಗೆ ಜಮೆಯಾಗುತ್ತದೆ. ಕೆರೆಯನ್ನೆಲ್ಲ ಅವನೇ ಕಟ್ಟಿಸಿದ, ಊರನ್ನೆಲ್ಲ ಅವನೇ ಸುಟ್ಟ ಎಂಬಂತೆ. ಈ ಎಚ್ಚರವನ್ನು ಹಸಿರು ಮೇಜಿನ ಗ್ರಂಥಕ್ಕೂ ಅನ್ವಯಿಸಿ ನೋಡುವುದು ಅಗತ್ಯ. ಹಾಗೆ ನೋಡಿದಾಗ ಮೂರು ಆಕ್ಷೇಪಗಳು ತೋರುತ್ತವೆ.

ಮೊದಲನೆಯದು, ಮೇಜು ಮನೆಯನ್ನು ಮರೆಮಾಡುತ್ತದೆ. ಗ್ರಂಥದ ಶಿರೋನಾಮೆಯೇ ಮೆಕೈಯನ್ನು ಊರಿನ ಕಥಾನಾಯಕನನ್ನಾಗಿ, ಎಂದರೆ ಪ್ರತಿನಾಯಕನನ್ನಾಗಿ ನಿಲ್ಲಿಸುತ್ತದೆ. ಆದರೆ ಮೆಕೈ ಸಂಬಳದ ಅಧಿಕಾರಿ. ಕೆಲಸಕ್ಕೆ ಕಟ್ಟುಬಿದ್ದ ಮನೆಯೆಂಬ ಏರ್ಪಾಡು ಆತನ ಕಲ್ಪನೆಯಲ್ಲ; ಸ್ಕಾಟ್ಲೆಂಡಿನ ಗಣಿಸೀಮೆಗಳಲ್ಲೆಲ್ಲ ಅದು ರೂಢಿಯಲ್ಲಿತ್ತು. ಆ ಏರ್ಪಾಡನ್ನು ತೆಗೆದುಬಿಟ್ಟರೆ ಮೆಕೈ ಬರಿಯ ಸಿಡುಕು ಸ್ವಭಾವದ ಮನುಷ್ಯನಾಗಿ ಉಳಿಯುತ್ತಾನೆ, ಅವನ ಗದರಿಕೆಗೆ ಹಲ್ಲಿರುವುದಿಲ್ಲ. ಒಳ್ಳೆಯ ಮನೆ, ಅಂದವಾದ ತೋಟ, ಊರಿಗೆ ಮರಳುವ ಪಾನಗೃಹದ ಲಾಭ, ಇವು ದಬ್ಬಾಳಿಕೆಯ ನಡುವೆ ಕಾಣುವ ದಯೆಯ ಗುರುತುಗಳೆಂದು ಕೆಲವರು ತಿಳಿಯುವುದುಂಟು. ಮನೆ ಒಳ್ಳೆಯದಾದಷ್ಟೂ ಅದನ್ನು ಕಳೆದುಕೊಳ್ಳುವ ಅಂಜಿಕೆ ಹೆಚ್ಚು. ದಯೆಯೇ ಇಲ್ಲಿ ಹಗ್ಗ. ಇದನ್ನು 1606ರ ಜೀತವೆಂದು ಕರೆಯುವುದು ಅತಿರೇಕವಾದೀತು, ಏಕೆಂದರೆ ಊರು ಬಿಟ್ಟು ಹೋಗುವ ಹಕ್ಕು ಗಣಿಗಾರನಿಗಿತ್ತು. ಆದರೆ ಹೆಂಡತಿ ಮಕ್ಕಳನ್ನು ಬೀದಿಗೆ ಇಳಿಸದೆ ಆ ಹಕ್ಕನ್ನು ಚಲಾಯಿಸುವುದು ಸುಲಭವಾಗಿರಲಿಲ್ಲ. ಹೊಣೆಯನ್ನೆಲ್ಲ ಒಬ್ಬನ ತಲೆಗೆ ಕಟ್ಟಿದರೆ ಷೇರುದಾರರು ಚರಿತ್ರೆಯಿಂದ ನುಣುಚಿಕೊಳ್ಳುತ್ತಾರೆ.

ಎರಡನೆಯದು, ಉಳಿದವರ ನೆನಪೇ ಊರಿನ ನೆನಪಾಗುತ್ತದೆ. ಮೇಜಿನ ಮುಂದೆ ತಲೆಬಾಗಿದವನು ಊರಿನಲ್ಲಿ ಉಳಿದ, ಮುದುಕನಾದ, ಕೇಳಿದವರಿಗೆ ಕಥೆ ಹೇಳಿದ. ತಲೆಯೆತ್ತಿದವನು ಸಾಮಾನು ಹೊತ್ತು ಹೊರಟ. ಅವನ ಮಾತು ಬೇರಾವುದೋ ಸೀಮೆಯಲ್ಲಿ, ಬಹುಶಃ ಕಡಲಾಚೆ, ಕೇಳುವವರಿಲ್ಲದೆ ಮುಗಿದಿರುತ್ತದೆ. ಇದು ಈ ಗ್ರಂಥವೊಂದರ ಕೊರತೆಯಲ್ಲ. ಊರಿನಲ್ಲಿ ಕುಳಿತು ಊರಿನ ಚರಿತ್ರೆ ಬರೆಯುವ ಕ್ರಮಕ್ಕೇ ಅಂಟಿದ ದೋಷ. ಕಟ್ಟುನಿಟ್ಟಾದರೂ ಊರು ಚೊಕ್ಕಟವಾಗಿತ್ತು, ಶಿಸ್ತಿತ್ತು ಎಂಬ ಮಾತು ಇಂಥ ನೆನಪುಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲದಿರಬಹುದು. ಆದರೆ ಅದು ಉಳಿಯಲು ಸಾಧ್ಯವಾದವರ ತೀರ್ಪು ಎಂಬುದನ್ನು ಮರೆಯಲಾಗದು. ಊರು ಬಿಟ್ಟು ಬಂದು ಪರಪ್ರಾಂತದ ನಗರಗಳಲ್ಲಿ ನೆಲೆನಿಂತ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರುಗಳ ಇತಿಹಾಸಗಳಲ್ಲಿ ನಾವೂ ಇಲ್ಲ, ನಾವೇಕೆ ಹೊರಟೆವೆಂಬ ಪ್ರಶ್ನೆಯೂ ಇಲ್ಲ.

ಮೂರನೆಯದು, ಊರಿನಲ್ಲಿ ಇನ್ನೊಂದು ಮೇಜಿತ್ತು. ಬಾವಿಯಿಂದ ಮೇಲೆ ಬಂದ ಕಲ್ಲಿದ್ದಲಿನಿಂದ ಬೆಣಚು, ಜೇಡಿಮಣ್ಣುಗಳನ್ನು ಕೈಯಿಂದ ಆಯ್ದು ಬೇರ್ಪಡಿಸುವ ಚಲಿಸುವ ಮೇಜು ಅದು. 1842ರ ಕಾನೂನು ಹೆಂಗಸನ್ನು ನೆಲದಡಿಯಿಂದ ಮೇಲೆ ತಂದಿತಾದರೂ ಗಣಿಯಿಂದ ಬಿಡಿಸಲಿಲ್ಲ. ಈ ಮೇಜಿನ ಬದಿಯಲ್ಲಿ ಧೂಳು ಕುಡಿಯುತ್ತ ನಿಂತವರಲ್ಲಿ ಹುಡುಗರು, ಗಾಯಗೊಂಡ ಗಂಡಸರು, ಮತ್ತು ಹೆಂಗಸರು ಇದ್ದರು. ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸಿ, ಮಸಿ ಹಿಡಿದ ಬಟ್ಟೆ ಒಗೆದು, ಹಸಿರು ಮೇಜಿನಿಂದ ಬಂದ ಕರೆಯ ಭಯದಲ್ಲಿ ಪಾಲುಗೊಂಡವಳೂ ಹೆಂಗಸೇ. ಗಣಿಗಾರರ ನೆನಪು ಎಂಬ ಶಿರೋನಾಮೆಯಲ್ಲಿ ಗಣಿಗಾರ ಎಂಬ ಪದದ ವ್ಯಾಪ್ತಿ ಎಷ್ಟೆಂಬುದನ್ನು ವಿಮರ್ಶಕನು ಕೇಳಲೇಬೇಕು. ಗಂಡಸಿನ ನೆನಪಿಗೆ ಒಂದು ಎದುರಾಳಿಯ ಮುಖ ಬೇಕು. ದಿನದಿನವೂ ಒಂದೇ ತೆರನಾದ ದುಡಿಮೆಗೆ ಮುಖವಿಲ್ಲದ್ದರಿಂದ ಅದು ಕಥೆಯಾಗಿ ನಿಲ್ಲುವುದು ಕಷ್ಟ.

ಮೊದಲನೆಯ ಆಕ್ಷೇಪಕ್ಕೆ ಪೋಷಕವಾಗಿ ನಮಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹನ್ನೊಂದನೆಯ ಮಾರ್ಕ್ವೆಸ್ ಆಫ್ ಲೋಥಿಯನ್ ಫಿಲಿಪ್ ಕೆರ್ 1932ರಲ್ಲಿ ಭಾರತದ ಮತಾಧಿಕಾರ ಸಮಿತಿಯ ಅಧ್ಯಕ್ಷನಾಗಿ ನಮ್ಮ ದೇಶದಲ್ಲಿ ಸಂಚರಿಸಿ, ಮತದಾರರ ಸಂಖ್ಯೆಯನ್ನು ಬಹುಪಾಲು ಹೆಚ್ಚಿಸಬೇಕೆಂದು ಸೂಚಿಸಿದ. ಲೋಥಿಯನ್ ಸಮಿತಿ ಎಂದು ನಮ್ಮ ರಾಜಕೀಯ ಇತಿಹಾಸಗಳು ಹೆಸರಿಸುವುದು ಇದನ್ನೇ. ಆತ ಉದಾರ ಮನಸ್ಸಿನವನೆಂಬುದರಲ್ಲಿ ಸಂದೇಹವಿಲ್ಲ. 1937ರಲ್ಲಿ ನ್ಯೂಬ್ಯಾಟಲ್ ಮಠದ ತನ್ನ ಮನೆಯನ್ನೇ ವಯಸ್ಕರ ವಿದ್ಯಾಭ್ಯಾಸದ ಕಾಲೇಜಿಗೆ ಬಿಟ್ಟುಕೊಟ್ಟವನು. ಆದರೂ ಆತ ಭಾರತದಲ್ಲಿ ಮತದ ಹಕ್ಕನ್ನು ಅಳೆಯುತ್ತಿದ್ದ ವರ್ಷವೂ, ಕಾಲೇಜು ತೆರೆದ ವರ್ಷವೂ, ಅವನ ಮನೆತನದ ಬಿರುದನ್ನೇ ಹೆಸರಾಗಿ ಹೊತ್ತ ಕಂಪನಿಯ ಊರಿನಲ್ಲಿ ಹಸಿರು ಮೇಜು ಕದಲದೆ ನಿಂತಿತ್ತು. ಮತಪೆಟ್ಟಿಗೆಯ ಮುಂದೆ ನಿಲ್ಲುವವನು ಸ್ವತಂತ್ರನೋ ಅಲ್ಲವೋ ಎಂಬುದನ್ನು ಅವನ ಮನೆಯ ಬೀಗದ ಕೈ ಯಾರ ಬಳಿ ಇದೆಯೆಂಬುದು ನಿರ್ಣಯಿಸುತ್ತದೆ. ಇದನ್ನು ಕಾಣಲು ಮೆಕೈಯ ಕಥೆಯಷ್ಟೇ ಸಾಲದು; ಮೇಜಿನ ಆಚೆಗಿನ ಗೋಡೆಯ ಹಿಂದೆ ನೋಡಬೇಕು.

1947ರ ಜನವರಿ 1ರಂದು ಗಣಿಗಳು ರಾಷ್ಟ್ರೀಕರಣಗೊಂಡು ಕಂಪನಿಯ ಆಳ್ವಿಕೆ ಮುಗಿಯಿತು. 1981ರಲ್ಲಿ ಲೇಡಿ ವಿಕ್ಟೋರಿಯಾ ಮುಚ್ಚಿತು. 2002ರಲ್ಲಿ ಸ್ಕಾಟ್ಲೆಂಡಿನ ಕೊನೆಯ ಆಳದ ಗಣಿಯಾದ ಲಾಂಗನೆಟ್ ಕೂಡ ಮುಚ್ಚಿತು. ಈಗ ಲೇಡಿ ವಿಕ್ಟೋರಿಯಾದ ಕಟ್ಟಡಗಳಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗಣಿ ವಸ್ತುಸಂಗ್ರಹಾಲಯವಿದೆ. ಬೋನನ್ನು ಏರಿಸಿ ಇಳಿಸುತ್ತಿದ್ದ ದೈತ್ಯಾಕಾರದ ಉಗಿಯಂತ್ರವನ್ನು ಅಲ್ಲಿ ಜೋಪಾನವಾಗಿ ಕಾಪಾಡಿದ್ದಾರೆ. 2015ರಲ್ಲಿ ರೈಲುಮಾರ್ಗ ಮತ್ತೆ ತೆರೆದಮೇಲೆ ಊರಿನಿಂದ ರಾಜಧಾನಿಗೆ ರೈಲಿನಲ್ಲಿ ಹೋಗಿಬರಬಹುದಾಗಿದೆ. ಯಂತ್ರವನ್ನು ಎಣ್ಣೆ ಹಚ್ಚಿ ಉಳಿಸಬಹುದು. ಕರೆ ಬಂದ ಮನೆಯ ಮೌನವನ್ನು ಉಳಿಸುವ ಉಪಾಯ ಶ್ರೀ ಮ್ಯಾಕ್‌ಡೂಗಲ್ ಹಿಡಿದ ದಾರಿಯೊಂದೇ.

ಆದುದರಿಂದ ಮೇಲಿನ ಆಕ್ಷೇಪಗಳು ಗ್ರಂಥದ ಬೆಲೆಯನ್ನು ಕುಗ್ಗಿಸಲು ಹೇಳಿದವಲ್ಲ. ನೆನಪಿನ ಕೆಲಸ ಸಾಕ್ಷಿ ನುಡಿಯುವುದು. ತೀರ್ಪು ಬರೆಯುವ ಹೊಣೆ ಚರಿತ್ರಕಾರನದು. ನ್ಯೂಟನ್‌ಗ್ರೇಂಜಿನ ಗಣಿಗಾರರು ತಮ್ಮ ಪಾಲಿನ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ನುಡಿದಿದ್ದಾರೆ. ಅದನ್ನು ಓದಿ ಒಬ್ಬ ಕಠೋರ ಅಧಿಕಾರಿಯ ಮೇಲೆ ಸಿಟ್ಟುಗೊಂಡು ಪುಸ್ತಕ ಮುಚ್ಚಿದರೆ ಅವರ ಸಾಕ್ಷ್ಯಕ್ಕೆ ನ್ಯಾಯ ಸಂದಂತಾಗಲಿಲ್ಲ. ಆ ಅಧಿಕಾರಿಗೆ ಅಷ್ಟು ಬಲ ಬಂದುದು ಎಲ್ಲಿಂದ, ಆ ಬಲದಿಂದ ಲಾಭ ಪಡೆದವರು ಯಾರು, ಊರು ಬಿಟ್ಟು ಹೋದವರು ಏನಾದರು ಎಂದು ಕೇಳುವ ಓದುಗನಿಗಾಗಿ ಆ ಗ್ರಂಥ ಕಾದಿದೆ.