ಕತ್ತಲನ್ನು ಒಪ್ಪದ ಕ್ಯಾಮೆರಾ

ದೀಪಾವಳಿಯ ರಾತ್ರಿ ಹೊಸ್ತಿಲ ಮೇಲಿನ ಹಣತೆಯನ್ನು ಮೊಬೈಲಿನಲ್ಲಿ ಸೆರೆಹಿಡಿಯಲು ಹೊರಟರೆ, ಹಲವು ಫೋನುಗಳಲ್ಲಿ ನೈಟ್ ಮೋಡ್ ತಾನಾಗಿ ಆನ್ ಆಗುತ್ತದೆ. ಗೋಡೆಯ ಸುಣ್ಣದ ಬಿರುಕು ಕಾಣುತ್ತದೆ, ಮೂಲೆಯಲ್ಲಿ ಬಿಟ್ಟ ಚಪ್ಪಲಿಯೂ ಕಾಣುತ್ತದೆ. ದೀಪದ ಕುಡಿ ಇರಬೇಕಾದಲ್ಲಿ ಮಾತ್ರ ಒಂದು ಬಿಳಿ ಮಚ್ಚೆ. ಫೋಟೊ ಸ್ಪಷ್ಟವಾಗಿದೆ, ಹಬ್ಬದ ರಾತ್ರಿ ಅದರಲ್ಲಿಲ್ಲ.

ಕಾರಣವಿಷ್ಟೆ: ಫೋನಿನ ಪುಟ್ಟ ಸೆನ್ಸರಿಗೆ ಸಿಗುವ ಬೆಳಕು ಕಡಿಮೆ. ಆ ಕೊರತೆ ನೀಗಲು ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಬೆಸೆಯುತ್ತದೆ. 2018ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಿಗೆ ಬಂದ ನೈಟ್ ಸೈಟ್, ಮರುವರ್ಷ ಐಫೋನ್ 11ರಲ್ಲಿ ಬಂದ ನೈಟ್ ಮೋಡ್, ಎರಡರ ಗುಟ್ಟೂ ಇದೇ. ಹಗಲಿನಲ್ಲಿ ಈ ಬೆಸುಗೆಯಿಂದಾದ ಉಪಕಾರ ಸಣ್ಣದಲ್ಲ. ಬಿಸಿಲಿನ ಅಂಗಳಕ್ಕೆ ಬೆನ್ನು ಹಾಕಿ ಜಗಲಿಯಲ್ಲಿ ಕೂತ ಅಜ್ಜಿಯ ಫೋಟೊ ತೆಗೆದರೆ ಮೊದಲೆಲ್ಲ ಮುಖ ಕಪ್ಪಾಗುತ್ತಿತ್ತು, ಇಲ್ಲವೇ ಅಂಗಳ ಬಿಳಿಚಿಕೊಳ್ಳುತ್ತಿತ್ತು. ಈಗ ಎರಡೂ ಉಳಿಯುತ್ತವೆ.

ತಕರಾರು ಇರುವುದು, ಕೇಳಿದರೂ ಕೇಳದಿದ್ದರೂ ಇದೇ ಉಪಚಾರ ನಡೆಯುವುದರ ಬಗ್ಗೆ. ಸಾಕು ಎಂದರೂ ಬಡಿಸುವ ಮದುವೆಮನೆಯವರಂತೆ ಫೋನು ಬೆಳಕು ಸುರಿಯುತ್ತಲೇ ಇರುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿ ದಿಗಿಣ ಹೊಡೆಯುವಾಗ ನೈಟ್ ಮೋಡ್ ಬಳಸಿದರೆ ಕಿರೀಟ, ಎದೆಪದಕ ಎಲ್ಲ ಕಲಸಿ ಬಣ್ಣದ ಹೊಗೆಯಾಗುತ್ತದೆ. ಬ್ಯೂಟಿ ಮೋಡ್ ಅಂತೂ ನಮ್ಮ ಮೈಬಣ್ಣವನ್ನೇ ದೋಷವೆಂದು ತಿಳಿದಿದೆ. ಸುಕ್ಕನ್ನು ಒರೆಸುತ್ತದೆ, ಎಣ್ಣೆಗೆಂಪನ್ನು ಬಿಳುಪಿಗೆ ತಿರುಗಿಸುತ್ತದೆ. ಕಪ್ಪು, ಕಂದು ಮೈಬಣ್ಣ ಸರಿಯಾಗಿ ಮೂಡಲೆಂದು ಗೂಗಲ್ 2021ರಲ್ಲಿ 'ರಿಯಲ್ ಟೋನ್' ತರಬೇಕಾಯಿತು ಎಂಬುದೇ ಈ ರೋಗ ಎಷ್ಟು ಹಳೆಯದೆಂದು ಹೇಳುತ್ತದೆ. 2023ರಲ್ಲಿ ಒಬ್ಬ ಬಳಕೆದಾರ ಬೇಕೆಂದೇ ಮಸುಕಾಗಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ಸೆರೆಹಿಡಿದ. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದವು! ತಿದ್ದುವುದು ಕಲ್ಪಿಸುವುದಾಗಿ ಬದಲಾಗಲು ಹೆಚ್ಚು ದೂರವಿಲ್ಲ.

ಒಳ್ಳೆಯ ಫೋಟೊಗೆ ಸಲಹೆ ಕೊಡುವವರು ಸಾಮಾನ್ಯವಾಗಿ ಮೆಗಾಪಿಕ್ಸೆಲ್ಲಿನಿಂದ ಶುರುಮಾಡುತ್ತಾರೆ. 200 ಮೆಗಾಪಿಕ್ಸೆಲ್ಲಿನ ಗ್ಯಾಲಕ್ಸಿ ಎಸ್23 ಅಲ್ಟ್ರಾ ಕೂಡ ಮಾಮೂಲಿಯಾಗಿ ಹದಿನಾರು ಪಿಕ್ಸೆಲ್ಲುಗಳನ್ನು ಒಂದು ಮಾಡಿ ಕೊಡುವುದು ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ. ಆಮೇಲೆ ಬರುವುದು ಪರದೆಯನ್ನು ಒಂಬತ್ತು ಮನೆ ಮಾಡುವ ಗೆರೆಗಳ ಉಪದೇಶ. ತಪ್ಪಲ್ಲ, ಆದರೆ ಬೆಳಕು ಕೆಟ್ಟಮೇಲೆ ಯಾವ ಮನೆಯಲ್ಲಿ ಯಾರನ್ನು ಕೂರಿಸಿದರೇನು?

ನಿಜಕ್ಕೂ ಫಲ ಕೊಡುವ ಉಪಾಯಗಳು ಫೋನಿನ ಉತ್ಸಾಹಕ್ಕೆ ಕಡಿವಾಣ ಹಾಕುವಂಥವು. ಪರದೆಯ ಮೇಲೆ ದೀಪದ ಕುಡಿಯನ್ನು ಮುಟ್ಟಿ. ಹಲವು ಫೋನುಗಳಲ್ಲಿ ಪಕ್ಕದಲ್ಲೇ ಪುಟ್ಟ ಸೂರ್ಯ ಕಾಣುತ್ತಾನೆ. ಅವನನ್ನು ಕೆಳಗೆಳೆದಂತೆ ಗೋಡೆ ಕತ್ತಲಿಗೆ ಸರಿಯುತ್ತದೆ, ಕುಡಿಗೆ ಆಕಾರ, ಬಣ್ಣ ಮರಳುತ್ತವೆ. ಕುಣಿತವಿರುವಲ್ಲಿ ನೈಟ್ ಮೋಡ್ ಆಫ್ ಮಾಡಿ, ಕಲಾವಿದ ಅರೆಕ್ಷಣ ನಿಲ್ಲುವ ಭಂಗಿಗೆ ಕಾಯಬೇಕು. ಮುಖದ ಹತ್ತಿರ ಫೋನು ಹಿಡಿದರೆ ಮೂಗು ದಪ್ಪಗಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಒತ್ತುವುದು ಮೇಲು. ಇದಕ್ಕೆಲ್ಲ ಮೊದಲು, ಜೇಬಿನಲ್ಲಿ ಜಿಡ್ಡು ಹಿಡಿದ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಯಂತ್ರದ ಲೆಕ್ಕಾಚಾರ ಹಗಲಿನ ಕಷ್ಟದ ಬೆಳಕಿಗೆ ಒಳ್ಳೆಯದು, ರಾತ್ರಿಗೂ ಮುಖಕ್ಕೂ ಅನುಮಾನದ್ದು. ಹೊಸ ಫೋನಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಕೈಯಲ್ಲಿರುವ ಫೋನಿನ ಆ ಸೂರ್ಯನನ್ನು ಒಂದು ವಾರ ಕೆಳಗೆಳೆದು ನೋಡುವುದು ಜಾಣತನ. ಖರೀದಿಯ ಅಗತ್ಯ ಬಹಳ ಜನರಿಗೆ ಅಲ್ಲಿಗೇ ಮುಗಿದೀತು.