ಎರಡು ಕಾಗದಗಳ ನಡುವಿನ ಟೀಚರು

ಗಲ್ಫಿನ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಡುವ ಟೀಚರ ಕೈಗೆ ಸಾಮಾನ್ಯವಾಗಿ ಎರಡು ಕಾಗದಗಳು ಬರುತ್ತವೆ. ಮೊದಲನೆಯದು ಶಾಲೆಯವರೋ ಏಜೆಂಟನೋ ವಾಟ್ಸ್ಯಾಪಿನಲ್ಲಿ ಕಳಿಸುವ ಆಫರ್ ಲೆಟರ್. ಎರಡನೆಯದು ಆ ದೇಶದ ಕಾರ್ಮಿಕ ಸಚಿವಾಲಯದಲ್ಲಿ ದಾಖಲಾಗುವ ಕರಾರು. ಮೊದಲನೆಯದನ್ನು ನಂಬಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುತ್ತಾರೆ, ಎರಡನೆಯದರ ಪ್ರಕಾರ ಅಲ್ಲಿ ಸಂಬಳ ತೆಗೆದುಕೊಳ್ಳುತ್ತಾರೆ. ಎರಡರಲ್ಲೂ ಒಂದೇ ಮಾತಿದ್ದರೆ ತಕರಾರಿಗೆ ಎಡೆಯಿಲ್ಲ. ಇಲ್ಲದಿದ್ದಾಗ ಏಳುವ ಜಗಳವನ್ನು ನಾವು ‘ಅಲ್ಲಿಯ ಮ್ಯಾನೇಜ್‌ಮೆಂಟ್ ಸರಿಯಿಲ್ಲ’ ಎಂದು ದೂರದ ಊರಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಜಗಳದ ಬೇರು ಇರುವುದು ಮಂಗಳೂರಿನ ಬಜಪೆಯಲ್ಲಿ ವಿಮಾನ ಹತ್ತುವ ಮೊದಲಿನ ದಿನಗಳಲ್ಲಿ. ಓದಿದವರಿಗೆ ಕಾವಲು ಬೇಕಾಗಿಲ್ಲ ಎಂದು ನಮ್ಮ ಕಾನೂನು ಗಟ್ಟಿಯಾಗಿ ನಂಬಿರುವುದರಲ್ಲಿ.

ರಾಮಕುಂಜದಂಥ ಊರಿನಲ್ಲಿ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪೇಜಾವರದ ವಿಶ್ವೇಶತೀರ್ಥರ ಹುಟ್ಟೂರೆಂದು ನಾಡಿಗೆ ಗೊತ್ತಿರುವ ಈ ಊರು ಶಾಲೆಗಳಿಂದಲೇ ಹೆಸರಾದದ್ದು; ಸಂಸ್ಕೃತ ಶಾಲೆಯಿಂದ ತೊಡಗಿ ಕಾಲೇಜಿನವರೆಗೆ ಇಲ್ಲಿ ಓದಿಗೆ ಬರವಿಲ್ಲ. ಉಪ್ಪಿನಂಗಡಿ, ಕಡಬ, ಪುತ್ತೂರು, ಸುಳ್ಯ ಎಂದು ಸುತ್ತು ಹೊಡೆದರೆ ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿಕೊಂಡವರು ಮನೆಗೊಬ್ಬರಲ್ಲದಿದ್ದರೂ ಊರಿಗೆ ಹಲವರು ಸಿಗುತ್ತಾರೆ. ಅನುದಾನವಿಲ್ಲದ ಖಾಸಗಿ ಶಾಲೆಯ ಸಂಬಳ ಮಾತ್ರ ಬಿ.ಎಡ್. ಫೀಸಿನ ವೇಗದಲ್ಲಿ ಏರಿಲ್ಲ. ಕರಾವಳಿಗೆ ಗಲ್ಫಿನ ಸಂಬಂಧ ಹಳೆಯದು. ನೆಂಟರೋ ನೆರೆಯವರೋ ಒಬ್ಬರಾದರೂ ಅಲ್ಲಿದ್ದೇ ಇರುತ್ತಾರೆ. ಹಾಗಾಗಿ ದುಬೈ, ಶಾರ್ಜಾ, ಮಸ್ಕತ್, ದೋಹಾಗಳ ಭಾರತೀಯ ಪಠ್ಯಕ್ರಮದ ಶಾಲೆಗಳಿಗೂ ಮಾಲ್ದೀವ್ಸಿನ ದ್ವೀಪಶಾಲೆಗಳಿಗೂ ಇಲ್ಲಿಂದ ಟೀಚರು ಹೋಗುವುದು ಸಹಜವೇ. ಪೂರ್ವದ ಕಡೆ ಬಾಗಿಲು ಕಿರಿದು. ದಕ್ಷಿಣ ಕೊರಿಯ ಇಂಗ್ಲಿಷ್ ಕಲಿಸುವ ವೀಸಾವನ್ನು ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳವರಿಗೆ ಮೀಸಲಿಟ್ಟು, 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದ ಮೂಲಕ ಭಾರತೀಯರಿಗೆ ಸಹಾಯಕ ಶಿಕ್ಷಕರ ಜಾಗವನ್ನಷ್ಟೇ ಬಿಟ್ಟುಕೊಟ್ಟಿದೆ. ಆಯ್ಕೆ ಕಡಿಮೆಯಾದಷ್ಟೂ ಕರಾರಿನ ಮೇಜಿನ ಎದುರು ನಮ್ಮವರ ದನಿ ಸಣ್ಣದಾಗುತ್ತದೆ.

ಈಗ ಕಾನೂನಿಗೆ ಬರೋಣ. ಹೊರದೇಶಕ್ಕೆ ದುಡಿಯಲು ಹೋಗುವವರಿಗಾಗಿ ನಮ್ಮಲ್ಲಿರುವುದು 1983ರ ವಲಸೆ ಕಾಯ್ದೆ. ಹತ್ತನೇ ತರಗತಿ ಪಾಸಾಗದವರು ಗಲ್ಫೂ ಸೇರಿದಂತೆ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಅನುಮತಿಗಾಗಿ ಮಾಲೀಕನ ಕರಾರು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯೊಳಗೆ ಬರಬೇಕು, ಸಂಬಳ ಸರಕಾರ ಗೊತ್ತುಮಾಡಿದ ಕನಿಷ್ಠ ಮಟ್ಟಕ್ಕಿಂತ ಕೆಳಗಿರಬಾರದು. ಹತ್ತನೇ ತರಗತಿ ದಾಟಿದವರ ಪಾಸ್‌ಪೋರ್ಟು ‘ಇಸಿಎನ್‌ಆರ್’, ಅಂದರೆ ವಲಸೆ ತಪಾಸಣೆ ಬೇಡದ್ದು. ಅವರನ್ನು ಯಾರೂ ಕೇಳುವುದಿಲ್ಲ. ಊರಿನಲ್ಲಿ ಇದಕ್ಕೊಂದು ಗತ್ತೂ ಇದೆ. ಆದರೆ ಆ ಗತ್ತಿನ ಬೆಲೆಯೆಂದರೆ ಟೀಚರ ಕರಾರನ್ನು ಭಾರತದ ಯಾವ ಅಧಿಕಾರಿಯೂ ಯಾವ ಹಂತದಲ್ಲೂ ಓದುವುದಿಲ್ಲ. ಗಾರೆ ಕೆಲಸಕ್ಕೆ ಹೋಗುವವನ ಸಂಬಳವನ್ನು ಕಾಗದದ ಮೇಲಾದರೂ ಒಬ್ಬರು ತೂಗಿ ನೋಡುತ್ತಾರೆ, ಟೀಚರ ಸಂಬಳವನ್ನು ನೋಡುವವರಿಲ್ಲ.

ಓದಿದವರೆಲ್ಲರನ್ನೂ ಹೀಗೆ ಬಿಟ್ಟಿದ್ದಾರೆಯೇ ಎಂದರೆ, ಇಲ್ಲ. ನರ್ಸುಗಳ ವಿಷಯದಲ್ಲಿ ಸರಕಾರ 2015ರಲ್ಲಿ ಬೇರೆಯೇ ದಾರಿ ಹಿಡಿಯಿತು. ನೇಮಕಾತಿಯಲ್ಲಿ ನಡೆಯುತ್ತಿದ್ದ ಸುಲಿಗೆಯ ದೂರುಗಳು ಹೆಚ್ಚಿದಾಗ, ಇಸಿಎನ್‌ಆರ್ ಪಾಸ್‌ಪೋರ್ಟು ಇದ್ದರೂ ಆ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿ ಕಡ್ಡಾಯ ಎಂದಿತು. ನೇಮಕಾತಿಯನ್ನು ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳಿಗೆ ವಹಿಸಿತು. ಅಂದರೆ ನೆಲ್ಯಾಡಿಯ ನರ್ಸೊಬ್ಬರೂ ರಾಮಕುಂಜದ ಟೀಚರೊಬ್ಬರೂ ಒಂದೇ ತಾಲೂಕಿನವರಾಗಿ, ಒಂದೇ ವಿಮಾನದಲ್ಲಿ ಕುವೈತಿಗೆ ಹೊರಟರೆ, ಪದವಿ ಇದ್ದೂ ಮೋಸ ಹೋಗಬಹುದು ಎಂದು ಸರಕಾರ ಒಪ್ಪಿಕೊಂಡಿರುವುದು ನರ್ಸಿನ ವಿಷಯದಲ್ಲಿ ಮಾತ್ರ. 1983ರ ಕಾಯ್ದೆ ‘ಕೆಲಸ’ ಎಂದು ಪಟ್ಟಿ ಮಾಡುವಲ್ಲಿಯೂ ನರ್ಸು, ಡ್ರೈವರು, ಮೆಕ್ಯಾನಿಕ್ಕು, ಟೈಪಿಸ್ಟು, ಸ್ಟೆನೊ, ಸೇಲ್ಸ್‌ಮನ್ ಎಲ್ಲರ ಹೆಸರಿದೆ, ಶಿಕ್ಷಕರದ್ದಿಲ್ಲ. ಟೀಚರನ್ನು ಕಳಿಸಿಕೊಡುವ ಕನ್ಸಲ್ಟೆನ್ಸಿಯವನಿಗೆ ಈ ಕಾಯ್ದೆ ತನಗೆ ಅನ್ವಯವೇ ಆಗದು ಎಂದು ವಾದಿಸಲು ಇಲ್ಲೊಂದು ಕಿಂಡಿ ಸಿಗುತ್ತದೆ. ಅನ್ವಯವಾದರೂ ಬಿಸಿ ತಟ್ಟುವಂಥದ್ದೇನಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಹೆಚ್ಚು ಬೇಕಾದವರು ಅದನ್ನೇ ಅಟೆಸ್ಟೇಷನ್, ಮೆಡಿಕಲ್, ಪ್ರೊಸೆಸಿಂಗ್ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಸಿಕ್ಕಿಬಿದ್ದರೆ ಕಾಯ್ದೆಯ 24ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆವಾಸವುಂಟು. ದಂಡ ಮಾತ್ರ ಹೆಚ್ಚೆಂದರೆ 2,000 ರೂಪಾಯಿ, 1983ರ ರೂಪಾಯಿಯಲ್ಲೇ ನಿಂತಿದೆ.

ಇಲ್ಲೊಂದು ಆಕ್ಷೇಪ ಬರುವುದು ನ್ಯಾಯವೇ. ಇಂಗ್ಲಿಷ್ ಕಲಿಸಲು ಹೋಗುವವರಿಗೆ ಇಂಗ್ಲಿಷಿನಲ್ಲಿರುವ ನಾಲ್ಕು ಪುಟದ ಕರಾರು ಓದಲು ಬಾರದೇ? ಸಹಿ ಹಾಕುವ ಮೊದಲು ನೋಡಬೇಡವೇ? ಓದಲು ಖಂಡಿತ ಬರುತ್ತದೆ. ಆದರೆ ಕರಾರಿನ ಆಟ ಇರುವುದು ಭಾಷೆಯಲ್ಲಿ ಅಲ್ಲ, ಅಂಕಿಗಳನ್ನು ಹಂಚುವ ರೀತಿಯಲ್ಲಿ. ಯುಎಇಯ ಒಂದು ಶಾಲೆ ತಿಂಗಳಿಗೆ 4,000 ದಿರ್ಹಂ ಎಂದು ಆಫರ್ ಕೊಟ್ಟಿತು ಎಂದಿಟ್ಟುಕೊಳ್ಳೋಣ. ದಾಖಲಾದ ಕರಾರಿನಲ್ಲಿ ಅದೇ 4,000 ಇದೆ, ಸುಳ್ಳಿಲ್ಲ. ಆದರೆ ಬೇಸಿಕ್ 1,500, ಉಳಿದದ್ದೆಲ್ಲ ಬಾಡಿಗೆ, ಸಾರಿಗೆ, ಇತರೆ ಅಲವೆನ್ಸ್. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಮೊತ್ತ ಅಷ್ಟೇ ಆದ್ದರಿಂದ ಯಾರಿಗೂ ತಕರಾರಿಲ್ಲ. ಮೂರು ವರ್ಷ ಕಳೆದು ಊರಿಗೆ ಹೊರಡುವಾಗ ಗ್ರಾಚ್ಯುಟಿಯ ಲೆಕ್ಕ ಬರುತ್ತದೆ. ಅಲ್ಲಿಯ ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ. 1,500ರ ಮೇಲೆ ಅದು ವರ್ಷಕ್ಕೆ 1,050 ದಿರ್ಹಂ, ಮೂರು ವರ್ಷಕ್ಕೆ 3,150. ಮನಸ್ಸಿನಲ್ಲಿ 4,000ದ ಮೇಲೆ ಲೆಕ್ಕ ಹಾಕಿಕೊಂಡಿದ್ದವರು ನಿರೀಕ್ಷಿಸಿದ್ದು 8,400. ಕಾನೂನು ಮೀರಿದವರು ಯಾರೂ ಇಲ್ಲ, ಆದರೂ 5,250 ದಿರ್ಹಂ ಎಲ್ಲೋ ಹೋಯಿತು. ವ್ಯಾಕರಣ ಗೊತ್ತಿದ್ದ ಮಾತ್ರಕ್ಕೆ ಇದು ತಿಳಿಯುವಂಥದ್ದಲ್ಲ. ಬೇಸಿಕ್ ಎಷ್ಟೆಂದು ಮೊದಲೇ ಕೇಳಬೇಕೆಂಬ ಅರಿವು ಬೇಕು, ಆ ಅರಿವನ್ನು ಹೊರಡುವ ಮುನ್ನ ಹೇಳಿಕೊಡುವವರು ಬೇಕು.

ಅರಿವಿದ್ದರೂ ಸಾಲದು. ಸಹಿ ಯಾವಾಗ ಬೀಳುತ್ತದೆ ಎಂಬುದೇ ಮುಖ್ಯ. ಬಿ.ಎಡ್. ಪದವಿಯನ್ನು ರಾಜ್ಯ ಸರಕಾರದಿಂದ, ವಿದೇಶಾಂಗ ಸಚಿವಾಲಯದಿಂದ, ಆಯಾ ದೇಶದ ರಾಯಭಾರ ಕಚೇರಿಯಿಂದ ದೃಢೀಕರಿಸಿಕೊಳ್ಳುವಷ್ಟರಲ್ಲಿ ದುಡ್ಡೂ ಹೋಗಿರುತ್ತದೆ, ತಿಂಗಳುಗಳೂ ಹೋಗಿರುತ್ತವೆ. ಇಲ್ಲಿಯ ಶಾಲೆಯಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿದೆ. ಸೊಸೈಟಿಯಲ್ಲಿ ಸಾಲವಿದೆ. ವಿಸಿಟ್ ವೀಸಾದಲ್ಲಿ ಹೋಗಿ ಇಳಿದ ಮೇಲೆ ‘ಇಲ್ಲೊಂದು ಸಹಿ’ ಎಂದು ಎರಡನೇ ಕಾಗದ ಮುಂದೆ ಬಂದಾಗ ಒಲ್ಲೆ ಎನ್ನುವ ಸ್ವಾತಂತ್ರ್ಯ ಕಾನೂನಿನಲ್ಲಿದೆ, ಕೈಯಲ್ಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಯುಎಇಯ ಸಚಿವಾಲಯ ಖಾಸಗಿ ಸಂಸ್ಥೆಗಳಿಗೆ ಸಂಬಳ ಕಡಿತಕ್ಕೂ ಸಂಬಳವಿಲ್ಲದ ರಜೆಗೂ ಅವಕಾಶ ಕೊಟ್ಟಿತು, ನೌಕರರ ಒಪ್ಪಿಗೆಯಿದ್ದರೆ ಎಂಬ ಷರತ್ತಿನೊಂದಿಗೆ. ವಿಮಾನವೇ ಹಾರದ ದಿನಗಳಲ್ಲಿ ಯಾರು ಒಪ್ಪದೆ ಇದ್ದಾರು? ಇನ್ನು, ಕರಾರನ್ನು ಕರಾರಾಗಿ ಕಾಣುವ ಅಭ್ಯಾಸವನ್ನು ನಾವೇ ಟೀಚರಿಗೆ ಕೊಟ್ಟಿಲ್ಲ. ನೇಮಕಾತಿ ಪತ್ರವಿಲ್ಲದ ಕೆಲಸ, ಸಹಿ ಹಾಕಿದ ಮೊತ್ತಕ್ಕಿಂತ ಕಡಿಮೆ ಕೈಗೆ ಬರುವುದು, ಮೂಲ ಅಂಕಪಟ್ಟಿ ಆಡಳಿತದವರ ಕಪಾಟಿನಲ್ಲಿರುವುದು, ಇವೆಲ್ಲ ನಮ್ಮ ನಾಡಿನ ಖಾಸಗಿ ಶಾಲಾಲೋಕಕ್ಕೆ ಹೊಸದೇನಲ್ಲ. ಅಂಕಪಟ್ಟಿ ಒಪ್ಪಿಸಿ ರೂಢಿಯಾದ ಕೈ ಅಲ್ಲಿ ಪಾಸ್‌ಪೋರ್ಟನ್ನೂ ತಕರಾರಿಲ್ಲದೆ ಒಪ್ಪಿಸುತ್ತದೆ.

ಹೋದ ದೇಶಗಳೇ ಈಗ ಕಾನೂನು ಬಿಗಿ ಮಾಡಿವೆಯಲ್ಲ, ನಾವು ಹೊಸದಾಗಿ ಮಾಡಬೇಕಾದ್ದೇನು ಎಂಬುದು ಇನ್ನೊಂದು ಆಕ್ಷೇಪ. ಬಿಗಿ ಮಾಡಿರುವುದು ನಿಜ, ಒಪ್ಪಿಕೊಳ್ಳಬೇಕು. ಯುಎಇಯಲ್ಲಿ 2016ರಿಂದ ಸಚಿವಾಲಯದ ನಮೂನೆಯ ಆಫರಿಗೆ ನೌಕರರ ಸಹಿ ಬಿದ್ದ ಮೇಲೆಯೇ ಮುಂದಿನ ಕೆಲಸ. ಅದನ್ನು ಅರಬ್ಬಿ, ಇಂಗ್ಲಿಷುಗಳ ಜತೆಗೆ ಮೂರನೆಯ ಭಾಷೆಯಲ್ಲೂ ಪಡೆಯಬಹುದು. ಮಲಯಾಳ, ತಮಿಳು ಆ ಪಟ್ಟಿಯಲ್ಲಿವೆ, ಕನ್ನಡವಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲು ಮಾಡಬಾರದು ಎನ್ನುತ್ತದೆ, ಪ್ರೊಬೇಷನ್ ಆರು ತಿಂಗಳು ಮೀರಬಾರದು ಎನ್ನುತ್ತದೆ, ನೋಟಿಸ್ ಅವಧಿಯನ್ನು 30ರಿಂದ 90 ದಿನಗಳೊಳಗೆ ಕಟ್ಟಿಹಾಕುತ್ತದೆ. 50,000 ದಿರ್ಹಂವರೆಗಿನ ತಕರಾರನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸಬಹುದು. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ಎನ್‌ಒಸಿ ಬೇಕೆಂಬುದನ್ನು ತೆಗೆದುಹಾಕಿತು. ನಮ್ಮ 1983ರ ಕಾಯ್ದೆಯ ಪಕ್ಕದಲ್ಲಿಟ್ಟರೆ ಇವು ಎಷ್ಟೋ ಮೇಲು. ಆದರೆ ಈ ಕಾನೂನುಗಳು ಕಾಯುವುದು ಎರಡನೇ ಕಾಗದವನ್ನು. ಮಂಗಳೂರಿನ ಹೋಟೆಲಿನಲ್ಲಿ ಇಂಟರ್‌ವ್ಯೂ ಮಾಡಿದವರು ಬಾಯಲ್ಲಿ ಹೇಳಿದ ವರ್ಷಕ್ಕೊಂದು ಟಿಕೆಟ್, ಮಕ್ಕಳ ಫೀಸಿನಲ್ಲಿ ರಿಯಾಯಿತಿ, ಜುಲೈ-ಆಗಸ್ಟ್ ರಜೆಯ ಸಂಬಳ ಇವೆಲ್ಲ ಮೊದಲ ಕಾಗದದ ಸರಕು. ಅದು ಯಾವ ಸಚಿವಾಲಯದ ಕಡತದಲ್ಲೂ ಇಲ್ಲ.

ಶಾಲೆಗಳ ಕಡೆಯ ಮಾತನ್ನೂ ಕೇಳಬೇಕು. ವೀಸಾ, ಟಿಕೆಟ್ ಎಂದು ಖರ್ಚು ಮಾಡಿ ಕರೆಸಿಕೊಂಡ ಟೀಚರು ನಡುವರ್ಷದಲ್ಲಿ ಹೆಚ್ಚು ಕೊಡುವ ಶಾಲೆಗೆ ಹಾರಿದರೆ ಹತ್ತನೇ ತರಗತಿಯ ಮಕ್ಕಳ ಗತಿಯೇನು? ಈ ದೂರಿನಲ್ಲಿ ಹುರುಳಿದೆ. ಯುಎಇಯ ಕಾನೂನು ಇದಕ್ಕೆ ಉತ್ತರವನ್ನೂ ಇಟ್ಟಿದೆ: ಪ್ರೊಬೇಷನ್ನಿನಲ್ಲೇ ಇನ್ನೊಂದು ಕಡೆ ಸೇರುವವರು ಒಂದು ತಿಂಗಳ ನೋಟಿಸ್ ಕೊಡಬೇಕು, ನೇಮಕಾತಿಯ ಖರ್ಚನ್ನು ಹೊಸ ಮಾಲೀಕ ಹಳೆಯವನಿಗೆ ತುಂಬಿಕೊಡಬೇಕು. ಇಷ್ಟಿದ್ದೂ ಖಾಲಿ ಚೆಕ್ಕು, ಬಾಂಡು, ಪಾಸ್‌ಪೋರ್ಟು ಇಟ್ಟುಕೊಳ್ಳುವ ಶಾಲೆಗೆ ಬೇಕಾಗಿರುವುದು ಮಕ್ಕಳ ಹಿತವಲ್ಲ.

ಹಾಗಾದರೆ ಟೀಚರಿಗೂ ನರ್ಸುಗಳ ನಿಯಮವನ್ನೇ ಹಾಕಿಬಿಡೋಣವೇ? ಬೇಡ ಎಂದೇ ನನ್ನ ಅಭಿಪ್ರಾಯ. ಅನುಮತಿಯ ಬಾಗಿಲು ಇಟ್ಟಲ್ಲಿ ಅದನ್ನು ತಪ್ಪಿಸುವ ಹಿತ್ತಿಲ ದಾರಿಯೂ ಹುಟ್ಟುತ್ತದೆ. ಹತ್ತನೇ ತರಗತಿ ದಾಟದ ಹೆಣ್ಣುಮಕ್ಕಳು 30 ವರ್ಷ ತುಂಬದೆ ಆ ದೇಶಗಳಿಗೆ ಮನೆಗೆಲಸಕ್ಕೆ ಹೋಗಬಾರದು ಎಂದು ನಿಯಮ ಮಾಡಿದ್ದರಿಂದ ಹೋಗುವವರು ನಿಲ್ಲಲಿಲ್ಲ. ವಿಸಿಟ್ ವೀಸಾದಲ್ಲಿ ಹೋದರು, ಯಾವ ಕಾಗದವೂ ಇಲ್ಲದೆ ಹೋದರು. ಬೇಕಾಗಿರುವುದು ತಡೆಯಲ್ಲ, ದಾಖಲೆ. ಅದಕ್ಕೊಂದು ಅವಕಾಶ ಕೈಗೆ ಬಂದು ತಪ್ಪಿಹೋಯಿತು. ಇಸಿಎನ್‌ಆರ್ ಇರುವವರೂ ಆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಹೊರಡುವ 24 ಗಂಟೆ ಮೊದಲು ಇ-ಮೈಗ್ರೇಟ್‌ನಲ್ಲಿ ವಿವರ ತುಂಬಬೇಕು, ಇದು 2019ರ ಜನವರಿ 1ರಿಂದ ಕಡ್ಡಾಯ ಎಂದು ವಿದೇಶಾಂಗ ಸಚಿವಾಲಯ 2018ರ ನವೆಂಬರಿನಲ್ಲಿ ಹೇಳಿತು. ತುಂಬದವರನ್ನು ವಿಮಾನ ಹತ್ತಗೊಡುವುದಿಲ್ಲ ಎಂಬ ಬೆದರಿಕೆಯನ್ನೂ ಅದಕ್ಕೆ ಸೇರಿಸಿತು. ಅನಿವಾಸಿಗಳು ಸಿಟ್ಟಾದರು, ಅದೇ ತಿಂಗಳ ಕೊನೆಯಲ್ಲಿ ಆದೇಶ ಮೂಲೆ ಸೇರಿತು, ನೋಂದಣಿ ಐಚ್ಛಿಕವಾಗಿ ಉಳಿಯಿತು. ಬೆದರಿಕೆಯನ್ನು ಬಿಟ್ಟು ನೋಂದಣಿಯನ್ನು ಉಳಿಸಿಕೊಳ್ಳಬಹುದಿತ್ತು. ಮೊದಲ ಕಾಗದ ತಾರೀಖಿನ ಸಮೇತ ಭಾರತ ಸರಕಾರದ ಒಂದು ಕಡತದಲ್ಲಿ ಕೂತರೆ, ಎರಡನೆಯದು ಬಂದಾಗ ಹೋಲಿಸಿ ನೋಡಲು ಟೀಚರಿಗೂ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೂ ಒಂದು ಆಧಾರ ಸಿಗುತ್ತದೆ. 2015ರಿಂದ ಇರುವ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ಬರೆಯಬಹುದು, ಸರಿ. ದೂರಿನ ಜತೆ ಲಗತ್ತಿಸಲು ಈಗ ಇರುವುದು ಹೆಚ್ಚಿನವರಿಗೆ ವಾಟ್ಸ್ಯಾಪಿನ ಸ್ಕ್ರೀನ್‌ಶಾಟು.

ರಾಜ್ಯದ ಪಾತ್ರವೂ ಚಿಕ್ಕದಲ್ಲ. ಕೇರಳ ಅನಿವಾಸಿಗಳಿಗೆಂದೇ 1996ರಲ್ಲಿ ನೋರ್ಕಾ ಇಲಾಖೆ ಮಾಡಿತು. ಹೊರದೇಶದ ಉದ್ಯೋಗಕ್ಕಾಗಿಯೇ ಇರುವ ಅದರ ಒಡೆಪೆಕ್ 1977ರದ್ದು. ಹೀಗಾಗಿ ಕಾಸರಗೋಡಿನ ಕನ್ನಡ ಟೀಚರಿಗೆ ಹೋಗಿ ಕೇಳಲು ಒಂದು ಇಲಾಖೆಯ ಬಾಗಿಲಿದೆ. ಗಡಿ ದಾಟಿ ಈಚೆ ಸುಳ್ಯಕ್ಕೆ ಬಂದರೆ ಇರುವುದು ಅನಿವಾಸಿ ಭಾರತೀಯ ಸಮಿತಿ, ಅದೂ ಬೆಂಗಳೂರಿನಲ್ಲಿ. ಕಡಬದಲ್ಲಿ ಹೊಸ ತಾಲೂಕು ಕಚೇರಿಯಾಗಿದೆ, ಪಹಣಿ ಸಿಗುತ್ತದೆ. ಹೊರದೇಶದ ಕರಾರನ್ನು ಒಮ್ಮೆ ಓದಿ ಬೇಸಿಕ್ ಎಲ್ಲಿದೆ, ನೋಟಿಸ್ ಎಷ್ಟು, ರಜೆಯ ಸಂಬಳ ಯಾರ ಹೊಣೆ ಎಂದು ಗುರುತು ಹಾಕಿ ಕೊಡಲು ಹೊಸ ಕಟ್ಟಡವೇನೂ ಬೇಡ. ನಮ್ಮ ಬಿ.ಎಡ್. ಕಾಲೇಜುಗಳೇ ಒಂದು ಮಧ್ಯಾಹ್ನ ಇದಕ್ಕೆ ಕೊಡಬಹುದು, ಲೆಸನ್ ಪ್ಲಾನಿಗೆ ಕೊಡುವ ಸಮಯದಲ್ಲಿ ಒಂದಂಶ.

ಇಷ್ಟೆಲ್ಲ ಆದರೂ ಈ ವಾದ ಮುಟ್ಟದ ಒಂದು ಗುಂಪಿದೆ. ಗಂಡನ ವೀಸಾದಲ್ಲಿ ಹೋಗಿ, ಮನೆ ಹೂಡಿದ ಮೇಲೆ ಹತ್ತಿರದ ಶಾಲೆಗೆ ಸೇರುವ ಟೀಚರು. ವೀಸಾದ ಖರ್ಚಿಲ್ಲ, ಬಾಡಿಗೆ ಕೊಡಬೇಕಿಲ್ಲ, ಟಿಕೆಟ್ ಕೊಡಬೇಕಿಲ್ಲ ಎಂಬ ಕಾರಣಕ್ಕೇ ಇವರನ್ನು ಇಷ್ಟಪಡುವ ಶಾಲೆಗಳಿವೆ. ಅದೇ ಕಾರಣಕ್ಕೆ ಸಂಬಳವೂ ಕಡಿಮೆ. ಕುಟುಂಬದ ವೀಸಾದಲ್ಲಿರುವವರಿಗೂ ಸಚಿವಾಲಯದ ಕೆಲಸದ ಪರವಾನಗಿ ಬೇಕೆಂದು ಯುಎಇಯ ನಿಯಮವಿದೆ. ಅದು ಬರುವ ತನಕ ‘ಸಬ್‌ಸ್ಟಿಟ್ಯೂಟ್’ ಎಂದು ಕಲಿಸುತ್ತಿದ್ದ ತಿಂಗಳುಗಳ ಲೆಕ್ಕ ಯಾವ ಕಾಗದದಲ್ಲೂ ಇರುವುದಿಲ್ಲ. ಬಜಪೆಯಿಂದ ಹೊರಡುವಾಗ ಇವರು ಕೆಲಸಕ್ಕೆ ಹೋಗುವವರಲ್ಲ, ಸಂಸಾರಕ್ಕೆ ಹೋಗುವವರು. 1983ರ ಕಾಯ್ದೆಯೂ ವಲಸಿಗನ ಅವಲಂಬಿತರು ವಲಸಿಗರಲ್ಲ ಎಂದೇ ಹೇಳಿದೆ. ಹೊರಡುವ ಮುನ್ನ ನೋಂದಣಿ ಮಾಡಿ ಎಂದರೆ ಅವರು ನೋಂದಾಯಿಸಬೇಕಾದದ್ದು ಏನನ್ನು? ಇವರಿಗೆ ಇಲ್ಲಿಯ ದಾಖಲೆಯಿಂದ ಪ್ರಯೋಜನವಿಲ್ಲ; ಅಲ್ಲಿ ಮೊದಲ ದಿನ ತರಗತಿಗೆ ಹೋಗುವ ಮೊದಲೇ ಪರವಾನಗಿಯ ಪ್ರತಿ ಕೇಳಬೇಕು, ಕೇಳಿದವರನ್ನು ಶಾಲೆ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿಕೊಳ್ಳುವಂತೆ ಮಾಡುವುದು ದೂತಾವಾಸದ ಕೈಯಲ್ಲೂ ಇಲ್ಲ, ಅಲ್ಲಿಯ ಇನ್‌ಸ್ಪೆಕ್ಟರುಗಳ ಕೈಯಲ್ಲಿದೆ.